ಪರ್ಯಾಯಕ್ಕೆ ಯಾವ ಡಬ್ಬ?

ಬೊಬ್ಲಿಂಗೆನ್‌ನ ನಮ್ಮ ಬೀದಿಯಲ್ಲಿ ಶುಕ್ರವಾರ ಬೆಳಗ್ಗೆ ಎರಡು ಕೆಲಸ ತಪ್ಪದೆ ನಡೆಯುತ್ತವೆ. ಕೆಳಗೆ ಕಸದ ಲಾರಿ ಬಂದು ಡಬ್ಬಗಳನ್ನು ಎತ್ತಿ ಮಗುಚಿಕೊಳ್ಳುತ್ತದೆ. ಮೇಲೆ ಎರಡನೇ ಮಹಡಿಯಲ್ಲಿ ನನ್ನ ಮಗನ ಫೋನಿಗೆ ಜಗತ್ತಿನ ಹೊಸ ಹಾಡುಗಳೆಲ್ಲ ಬಂದು ಬೀಳುತ್ತವೆ. ಒಂದು ಕಡೆ ಖಾಲಿ, ಇನ್ನೊಂದು ಕಡೆ ಭರ್ತಿ. ಎರಡರ ಸದ್ದೂ ಹೆಚ್ಚುಕಮ್ಮಿ ಒಂದೇ ಎಂದು ಒಮ್ಮೆ ಬಾಯಿತಪ್ಪಿ ಹೇಳಿದ್ದಕ್ಕೆ ಹದಿನಾರರ ಮಗ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟ. ಲಾರಿಯವರು ಬೇಜಾರು ಮಾಡಿಕೊಳ್ಳಲಿಲ್ಲ. ಅವರಿಗೆ ಕನ್ನಡ ಬಾರದು.

ಶುಕ್ರವಾರವೇ ಯಾಕೆ ಎಂದು ಕೇಳಿದರೆ ಅದಕ್ಕೂ ಒಂದು ಠರಾವು ಇದೆ. ಮೊದಲು ಒಂದೊಂದು ದೇಶದಲ್ಲಿ ಒಂದೊಂದು ದಿನ ಹಾಡು ಬಿಡುಗಡೆ ಆಗುತ್ತಿತ್ತು. ಇಂಗ್ಲೆಂಡಿನಲ್ಲಿ ಸೋಮವಾರ, ಅಮೆರಿಕದಲ್ಲಿ ಮಂಗಳವಾರ, ಜರ್ಮನಿಯಲ್ಲಿ ಆಗಲೇ ಶುಕ್ರವಾರ. 2015ರ ಜುಲೈ 10ರಿಂದ ಎಲ್ಲರೂ ಶುಕ್ರವಾರಕ್ಕೆ ಬಂದರು. ಅಂದಿನಿಂದ ವ್ಯವಸ್ಥೆಯನ್ನು ಸುಟ್ಟುಬಿಡುತ್ತೇನೆ ಎನ್ನುವ ಹಾಡು ಕೂಡ ಗುರುವಾರ ರಾತ್ರಿ ಹನ್ನೆರಡರ ತನಕ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದ ಮೇಲೆ ಬಂಡಾಯ ಏಳುತ್ತದೆ. ಜರ್ಮನ್ನರು ಜಗತ್ತಿಗೆ ಕಾರು ಕೊಟ್ಟರು, ಬಿಯರ್ ಕೊಟ್ಟರು ಎನ್ನುತ್ತಾರೆ. ನನ್ನ ಪ್ರಕಾರ ಬಂಡಾಯಕ್ಕೆ ವೇಳಾಪಟ್ಟಿ ಕೊಟ್ಟದ್ದರಲ್ಲೂ ಅವರ ಕೈ ಇದೆ.

ಡಬ್ಬಗಳ ವಿಷಯಕ್ಕೆ ಬರುತ್ತೇನೆ. ಇಲ್ಲಿ ಕಾಗದಕ್ಕೊಂದು ಡಬ್ಬ, ಹಸಿ ಕಸಕ್ಕೊಂದು, ಪ್ಯಾಕೆಟ್ಟು ಡಬ್ಬಿಗಳಿಗೊಂದು, ಇದ್ಯಾವುದೂ ಅಲ್ಲದ್ದಕ್ಕೆ ಇನ್ನೊಂದು. ಗಾಜಿನ ಬಾಟಲಿಯನ್ನು ಬಣ್ಣ ನೋಡಿ ಹಾಕಬೇಕು: ಬಿಳಿ, ಕಂದು, ಹಸಿರು. ಭಾನುವಾರ ಹಾಕುವಂತಿಲ್ಲ, ಸದ್ದಾಗುತ್ತದೆ. ನಾನು ಬಂದ ಹೊಸತರಲ್ಲಿ ನೀಲಿ ಬಾಟಲಿಯೊಂದನ್ನು ಹಿಡಿದು ಅರ್ಧ ಗಂಟೆ ನಿಂತಿದ್ದೆ (ಅದು ಹಸಿರಿಗೆ ಸೇರಬೇಕಂತೆ, ಗೊತ್ತಿರಲಿ). ಮಗನ ಪಟ್ಟಿಯೂ ಹಾಗೇ. ಇಂಡೀ ರಾಕ್, ಇಂಡೀ ಪಾಪ್, ಆಲ್ಟರ್ನೇಟಿವ್, ಪೋಸ್ಟ್ ಪಂಕ್, ಶೂಗೇಜ್, ಡ್ರೀಮ್ ಪಾಪ್, ನಾಯ್ಸ್ ರಾಕ್. ಒಂದು ಹಾಡನ್ನು ತಪ್ಪು ಡಬ್ಬಕ್ಕೆ ಹಾಕಿದರೆ ಅವನಿಗೆ ಆಗುವ ಸಂಕಟ, ಬಾಳೆಹಣ್ಣಿನ ಸಿಪ್ಪೆಯನ್ನು ಕಾಗದದ ಡಬ್ಬದಲ್ಲಿ ಕಂಡ ಕೆಳಮನೆಯ ಅಜ್ಜನಿಗೆ ಮಾತ್ರ ಅರ್ಥವಾದೀತು. "ಇದು ಶೂಗೇಜ್ ಅಲ್ಲ ಅಪ್ಪ, ನೂ ಗೇಜ್" ಎಂದು ಒಮ್ಮೆ ತಿದ್ದಿದ. ಬೂಟು ನೋಡುತ್ತಾ ನುಡಿಸುವವರು ಶೂಗೇಜ್. ಹೊಸ ಬೂಟು ಕೊಂಡವರು ನೂ ಗೇಜ್ ಇರಬೇಕು.

ಇಂಥ ಮನೆಗೆ ಉಡುಪಿಯಿಂದ ಅಮ್ಮ ಬಂದರು. ತೊಂಬತ್ತು ದಿನದ ವೀಸಾ, ಒಂದು ಚೀಲ ಹಪ್ಪಳ, ಜನವರಿ 18ರ ಒಳಗೆ ಊರಲ್ಲಿರಬೇಕೆಂಬ ಷರತ್ತು. 2026ರ ಜನವರಿ 18ಕ್ಕೆ ಶಿರೂರು ಮಠದ ಪರ್ಯಾಯ. ಅದನ್ನು ತಪ್ಪಿಸಿ ಮೊಮ್ಮಗನ ಮುಖ ನೋಡುತ್ತಾ ಕೂರುವಷ್ಟು ಮಮತೆ ಅಮ್ಮನಿಗಿಲ್ಲ.

"ಎಂತ ಕೇಳ್ತಾ ಉಂಟು ಮಾಣಿ?" ಎಂದರು ಮೊದಲ ಶುಕ್ರವಾರವೇ.

"ಇಂಡೀ, ಅಜ್ಜಿ."

"ಇಂಡಿಯಾ? ವಿಜಾಪುರದ್ದಾ? ಅಲ್ಲಿದು ನಿಂಬೆಹಣ್ಣು ಲಾಯ್ಕ ಉಂಟು."

ಅಮ್ಮನ ತಪ್ಪೇನೂ ಇಲ್ಲ. ಕನ್ನಡದ ಇಂಡಿಗೆ ಒಂದು ತಾಲ್ಲೂಕು ಕಚೇರಿ ಇದೆ, ಒಂದು ರೈಲ್ವೆ ಸ್ಟೇಷನ್ ಇದೆ, ಅಲ್ಲಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ. ಆ ಹೆಸರು ಹೇಳಿ ಬೇರೆ ಊರಿನ ನಿಂಬೆ ಮಾರಿದರೆ ಕೇಸು ಹಾಕಬಹುದು. ಇಂಗ್ಲಿಷಿನ ಇಂಡೀಗೆ ಆ ಭಾಗ್ಯವಿಲ್ಲ. ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು.

"ಇಂಡಿಪೆಂಡೆಂಟ್ ಅಂತ ಅಜ್ಜಿ. ಆಲ್ಟರ್ನೇಟಿವ್ ಅಂತಲೂ ಹೇಳ್ತಾರೆ. ಕನ್ನಡದಲ್ಲಿ ಏನಪ್ಪಾ ಅದಕ್ಕೆ?" ಎಂದು ಮಗ ನನ್ನ ಕಡೆ ತಿರುಗಿದ.

"ಪರ್ಯಾಯ" ಎಂದುಬಿಟ್ಟೆ.

ಅಮ್ಮ ಕೈಯಲ್ಲಿದ್ದ ತೊಂಡೆಕಾಯಿ ಕೆಳಗಿಟ್ಟು ನೆಟ್ಟಗೆ ಕುಳಿತರು. ಇಷ್ಟು ಹೊತ್ತು ಮ್ಲೇಚ್ಛ ಸಂಗೀತ ಎಂದುಕೊಂಡಿದ್ದದ್ದು ಒಂದೇ ಶಬ್ದದಲ್ಲಿ ಮಡಿಯಾಯಿತು.

ಉಡುಪಿಯವರಲ್ಲದವರಿಗೆ ಎರಡು ಮಾತು. ಕೃಷ್ಣನ ಪೂಜೆ ಎಂಟು ಮಠಗಳ ನಡುವೆ ಸರದಿ ತಿರುಗುತ್ತದೆ. ಮೊದಲು ಎರಡು ತಿಂಗಳಿಗೊಮ್ಮೆ ತಿರುಗುತ್ತಿದ್ದದ್ದನ್ನು ವಾದಿರಾಜರು ಎರಡು ವರ್ಷಕ್ಕೊಮ್ಮೆ ಎಂದು ಮಾಡಿದರು. ಏರುವವರು ಮೆರವಣಿಗೆಯಲ್ಲಿ ಪುರಪ್ರವೇಶ ಮಾಡುತ್ತಾರೆ, ಇಳಿಯುವವರು ಅವರಿಗೆ ಅಕ್ಷಯಪಾತ್ರೆ, ಸಟ್ಟುಗ, ಬೀಗದ ಕೈ ಒಪ್ಪಿಸುತ್ತಾರೆ. ಅದೇ ಪರ್ಯಾಯ. ಅಮ್ಮನ ನಿಘಂಟಿನಲ್ಲಿ ಪರ್ಯಾಯ ಎಂದರೆ ಬೇರೆ ದಾರಿ ಅಲ್ಲ. ಅದೇ ಪೀಠ, ಅದೇ ಪಾತ್ರೆ, ಅದೇ ಸೌಟು, ಸರದಿ ಮಾತ್ರ ಇನ್ನೊಬ್ಬರದು. ನಾನು ಮೂವತ್ತು ವರ್ಷ ಆಲ್ಟರ್ನೇಟಿವ್ ಸಂಗೀತ ಕೇಳಿ, ಎರಡು ಜೊತೆ ಹೆಡ್‌ಫೋನ್ ಹಾಳುಮಾಡಿಕೊಂಡು ತಿಳಿಯಲಾರದ್ದನ್ನು ಅಮ್ಮ ತೊಂಡೆಕಾಯಿ ಹೆಚ್ಚುತ್ತಾ ತಿಳಿದರು.

ಮುಂದಿನದು ಸುಲಭವಾಯಿತು. "ಪರ್ಯಾಯ ಅಂದ ಮೇಲೆ ಮುಹೂರ್ತ ಎಲ್ಲ ಉಂಟಾ?" ಎಂದು ಕೇಳಿದರು. ನಗಬೇಡಿ, ಉಂಟು. ಉಡುಪಿಯಲ್ಲಿ ಸ್ವಾಮಿಗಳು ಪೀಠ ಏರುವ ಒಂದು ವರ್ಷ ಮೊದಲೇ ಬಾಳೆ ಮುಹೂರ್ತ, ಆಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ. ಡಬ್ಲಿನ್ನಿನ ಫಾಂಟೇನ್ಸ್ ಡಿ.ಸಿ. ತಂಡದವರ 'ರೊಮ್ಯಾನ್ಸ್' ಆಲ್ಬಂ ಬಂದದ್ದು 2024ರ ಆಗಸ್ಟ್ 23ಕ್ಕೆ. ಆದರೆ ಏಪ್ರಿಲ್‌ನಲ್ಲೇ 'ಸ್ಟಾರ್‌ಬರ್ಸ್ಟರ್' ಬಿಟ್ಟು ಬಾಳೆ ನೆಟ್ಟರು. ಆಮೇಲೆ 'ಫೇವರಿಟ್' ಎಂಬ ಅಕ್ಕಿ, 'ಹಿಯರ್ಸ್ ದ ಥಿಂಗ್' ಎಂಬ ಕಟ್ಟಿಗೆ, 'ಇನ್ ದ ಮಾಡರ್ನ್ ವರ್ಲ್ಡ್' ಎಂಬ ಭತ್ತ. ಆಲ್ಬಂ ಬರುವ ಹೊತ್ತಿಗೆ ನನ್ನ ಮಗ ಅರ್ಧ ಊಟ ಮುಗಿಸಿ ಕೈ ತೊಳೆದಿದ್ದ.

'ಸ್ಟಾರ್‌ಬರ್ಸ್ಟರ್' ಹಾಡಿನಿಂದ ಮನೆಯಲ್ಲಿ ಒಂದು ಅನಾಹುತವೂ ಆಯಿತು. ಅದರಲ್ಲಿ ಗಾಯಕ ಮತ್ತೆ ಮತ್ತೆ ಉಸಿರು ಕಟ್ಟಿದವನ ಹಾಗೆ ಜೋರಾಗಿ ಗಾಳಿ ಎಳೆದುಕೊಳ್ಳುತ್ತಾನೆ. ಲಂಡನ್ನಿನ ರೈಲು ನಿಲ್ದಾಣವೊಂದರಲ್ಲಿ ಅವನಿಗೆ ಗಾಬರಿಯಿಂದ ಉಸಿರು ಸಿಕ್ಕಿಹಾಕಿಕೊಂಡದ್ದರಿಂದ ಹುಟ್ಟಿದ ಹಾಡು ಅದು. ಮಗನ ಕೋಣೆಯ ಬಾಗಿಲು ಹಾಕಿತ್ತು. ಆ ಸದ್ದು ಕೇಳಿ ಅಮ್ಮ ಅಡಿಗೆಮನೆಯಿಂದ ತಮ್ಮ ಅಸ್ತಮಾದ ಪಂಪು ಹಿಡಿದು ಓಡಿದರು. ಹುಡುಗ ಮಂಚದ ಮೇಲೆ ಕಾಲು ಚಾಚಿ ಚಿಪ್ಸ್ ತಿನ್ನುತ್ತಿದ್ದ. "ಆ ಪಾಪದವನಿಗೆ ಯಾರಾದರೂ ಬಿಸಿನೀರು ಕೊಡಿ ಮಾರಾಯ" ಎಂದು ಅಮ್ಮ ಸ್ಪೀಕರಿನ ಕಡೆ ನೋಡುತ್ತಾ ನಿಂತರು. ಆ ಹಾಡಿನ ಬಗ್ಗೆ ನಾನು ಓದಿದ ಪುಟಗಟ್ಟಲೆ ವಿಮರ್ಶೆಯಲ್ಲಿ ಹಾಡುವವನ ಆರೋಗ್ಯದ ಬಗ್ಗೆ ಕಾಳಜಿ ತೋರಿಸಿದವರು ಒಬ್ಬರೂ ಇರಲಿಲ್ಲ.

ದ ಕ್ಯೂರ್ ತಂಡದ ಬಗ್ಗೆ ಅಮ್ಮನಿಗೆ ಗೌರವ. ಹದಿನಾರು ವರ್ಷ ಸುಮ್ಮನಿದ್ದು 2024ರ ನವೆಂಬರ್ 1ಕ್ಕೆ ಆಲ್ಬಂ ತಂದರು ಅವರು. ಅದರ ಮೊದಲ ಹಾಡು 'ಅಲೋನ್'ನಲ್ಲಿ ಬರೇ ವಾದ್ಯವೇ ಮೂರು ನಿಮಿಷ ದಾಟುತ್ತದೆ, ಆಮೇಲೆ ಗಾಯಕ ಬಾಯಿ ತೆರೆಯುತ್ತಾನೆ. ಮಗ ಮಧ್ಯೆ ಮುಂದಕ್ಕೆ ಓಡಿಸಲು ಬೆರಳೆತ್ತಿದ. ಅಮ್ಮ ಆ ಕೈಯನ್ನು ಹಿಡಿದು ನಿಲ್ಲಿಸಿದರು. "ಆಲಾಪನೆ ಮಾಡ್ತಾ ಇದ್ದಾರೆ, ಕಾಣುದಿಲ್ವಾ?" ಮೂವತ್ತು ಸೆಕೆಂಡು ಕೇಳಿದರೆ ಒಂದು ಕೇಳ್ವಿ ಎಂದು ಸ್ಪಾಟಿಫೈ ಲೆಕ್ಕ ಬರೆದುಕೊಳ್ಳುತ್ತದೆ. ಹಾಗಾಗಿ ಈ ಕಾಲದ ಹಾಡುಗಳು ಬಾಗಿಲು ತೆರೆಯುವ ಮೊದಲೇ ಪಲ್ಲವಿ ಎಸೆದು ಬಿಡುತ್ತವೆ, ತರಕಾರಿ ಗಾಡಿಯವನ ಹಾಗೆ. ಅರವತ್ತು ದಾಟಿದ ರಾಬರ್ಟ್ ಸ್ಮಿತ್ ಕಾಡಿಗೆ ಬಳಿದುಕೊಂಡು ಮೂರು ನಿಮಿಷ ಕಾಯಿಸುತ್ತಾನಲ್ಲ, ಇತ್ತೀಚೆಗೆ ನಾನು ಕಂಡ ಬಂಡಾಯ ಅದೊಂದೇ. ಅದೂ ಪಿಂಚಣಿ ವಯಸ್ಸಿನವನದು.

ಡ್ರೈ ಕ್ಲೀನಿಂಗ್ ಎಂಬ ತಂಡವೊಂದಿದೆ. ಹೆಸರು ಕೇಳಿ ಅಮ್ಮ ತಮ್ಮ ಧರ್ಮಾವರಂ ಸೀರೆ ತೆಗೆದಿಟ್ಟರು, ಅದು ಬೇರೆ ಮಾತು. ಆ ತಂಡದ ಗಾಯಕಿ ಹಾಡುವುದಿಲ್ಲ, ಮಾತಾಡುತ್ತಾಳೆ. ಹಿಂದೆ ಗಿಟಾರು, ಡ್ರಮ್ಮು, ಮುಂದೆ ಆಕೆಯ ಅರ್ಥಗಾರಿಕೆ. ಇಂಗ್ಲೆಂಡಿನವರು ಇದನ್ನು ಹೊಸ ಅಲೆ ಎಂದು ಬಹಳ ಬರೆದರು. ಅಮ್ಮ ಎರಡು ನಿಮಿಷ ಕೇಳಿ, "ತಾಳಮದ್ದಳೆ. ಆದರೆ ಎದುರು ಕೂತು ಉತ್ತರ ಕೊಡ್ಲಿಕ್ಕೆ ಒಬ್ಬ ಬೇಕಿತ್ತು" ಎಂದರು. ಕರ್ಣನಿಗೆ ಶಲ್ಯ ಬೇಕು, ವಾಲಿಗೆ ರಾಮ ಬೇಕು. ಎದುರಾಳಿ ಇಲ್ಲದ ಅರ್ಥಗಾರಿಕೆ ಅಮ್ಮನ ಲೆಕ್ಕದಲ್ಲಿ ಗೊಣಗಾಟ. ನಾನು ಇಷ್ಟು ಚಿಕ್ಕದಾಗಿ ಪೋಸ್ಟ್ ಪಂಕ್ ವಿಮರ್ಶೆ ಎಲ್ಲೂ ಓದಿಲ್ಲ.

ನ್ಯೂಯಾರ್ಕಿನ ಗೀಸ್ ಎಂಬ ಹುಡುಗರ 'ಗೆಟಿಂಗ್ ಕಿಲ್ಡ್' 2025ರ ಸೆಪ್ಟೆಂಬರ್ 26ಕ್ಕೆ ಬಂತು. ಅದರ ಮೊದಲ ಹಾಡಿನಲ್ಲಿ ಕಾರೂ ಬಾಂಬೂ ಒಟ್ಟೊಟ್ಟಿಗೆ ಬರುತ್ತವೆ, ಕಿರುಚಾಟದ ಸಮೇತ. ಪಕ್ಕದ ಜಿಂಡೆಲ್‌ಫಿಂಗೆನ್‌ನಲ್ಲಿ 1915ರಿಂದ ಕಾರ್ಖಾನೆ ನಡೆಸುತ್ತಿರುವ ಮರ್ಸಿಡಿಸ್‌ನ ಸಂಬಳದಲ್ಲಿ ಅರ್ಧ ಊರು ಉಣ್ಣುವಾಗ ಇಂಥ ಹಾಡನ್ನು ಕಿಟಕಿ ತೆರೆದಿಟ್ಟು ಕೇಳಬಾರದು ಎಂದು ಮಗನಿಗೆ ಹೇಳಿದೆ. ಹಾಡು ಚೆನ್ನಾಗಿದೆ, ಅದನ್ನೂ ಹೇಳಬೇಕು. ಗಾಯಕ ಕುಡಿದ ಭಾಗವತರ ಹಾಗೆ ಶ್ರುತಿಯ ಅಂಚಿನಲ್ಲಿ ತೂರಾಡುತ್ತಾ ಬೀಳದೆ ನಡೆಯುತ್ತಾನೆ. ಇದೊಂದು ಹಾಡನ್ನು ನಾನು ಮಗ ಶಾಲೆಗೆ ಹೋದ ಮೇಲೆ ಮತ್ತೊಮ್ಮೆ ಹಾಕಿಕೊಂಡು ಕೇಳಿದೆ. ಅವನಿಗೆ ಹೇಳಿಲ್ಲ. ಅಪ್ಪನಿಗೆ ಇಷ್ಟವಾಯಿತು ಎಂದು ಗೊತ್ತಾದರೆ ಆ ತಂಡದ ಗತಿ ಅಲ್ಲಿಗೆ ಮುಗಿಯಿತು.

ಹೊಗಳುವ ವಿಷಯದಲ್ಲಿ ಈ ಊರೂ ಜಿಪುಣ. ಸ್ವಾಬಿಯಾ ಸೀಮೆಯವರಲ್ಲಿ ಒಂದು ಗಾದೆ ಇದೆ: ಬೈಯದಿದ್ದರೆ ಅದೇ ಸಾಕಷ್ಟು ಹೊಗಳಿಕೆ. ರಾಕ್ ವಿಮರ್ಶೆ ಬರೆಯುವವರನ್ನೆಲ್ಲ ಆರು ತಿಂಗಳು ಇಲ್ಲಿ ತರಬೇತಿಗೆ ಹಾಕಬೇಕು. ಅವರಲ್ಲಿ ಪ್ರತಿ ಆಲ್ಬಂ 'ಇದುವರೆಗಿನ ಅತ್ಯಂತ ವೈಯಕ್ತಿಕ ಆಲ್ಬಂ.' ಐದನೆಯದು ನಾಲ್ಕನೆಯದಕ್ಕಿಂತ ವೈಯಕ್ತಿಕ, ಆರನೆಯದು ಇನ್ನೂ ವೈಯಕ್ತಿಕ. ಹೀಗೇ ಹೋದರೆ ಹತ್ತನೆಯದಕ್ಕೆ ಗಾಯಕನ ರಕ್ತಪರೀಕ್ಷೆಯ ವರದಿಯನ್ನೇ ಹಾಡಬೇಕು.

ಇಷ್ಟೆಲ್ಲ ವೈಯಕ್ತಿಕವಾದದ್ದು ಯಾರ ಮನೆಯಿಂದ ಬರುತ್ತದೆ ನೋಡಿ. ದ ಕ್ಯೂರ್ ಆಲ್ಬಂ ಬಂದದ್ದು ಯೂನಿವರ್ಸಲ್ ಮನೆಯಿಂದ. 2025ರ ಅಕ್ಟೋಬರ್‌ನಲ್ಲಿ ಬಂದ ಟೇಮ್ ಇಂಪಾಲಾ ಆಲ್ಬಂ ಸೋನಿಯದು. ಅದೇ ವರ್ಷದ ಆಗಸ್ಟಿನ ಡೆಫ್ಟೋನ್ಸ್ ಆಲ್ಬಂ ವಾರ್ನರ್ ಮನೆಯದು. ಅಷ್ಟಮಠ ಅಲ್ಲ, ಮೂರೇ ಮಠ. ಅಕ್ಷಯಪಾತ್ರೆ ಮತ್ತು ಸಟ್ಟುಗ ಮೂವರ ನಡುವೆಯೇ ಓಡಾಡುತ್ತದೆ. ಫಾಂಟೇನ್ಸ್, ಗೀಸ್ ಮುಂತಾದವರು ಸಣ್ಣ ಕಂಪನಿಯವರು ಎಂದು ಮಗ ವಾದಿಸುತ್ತಾನೆ, ನಿಜ. ಆದರೆ ಊಟದ ಸಾಲು ಒಂದೇ ಭೋಜನಶಾಲೆಯಲ್ಲಿ.

ಇಂಡೀ ಎಂಬ ಮಾತಿಗೆ ಒಂದು ಕಾಲದಲ್ಲಿ ಅರ್ಥವಿತ್ತು. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಹುಡುಗರು ಸುಮಾರು 500 ಪೌಂಡ್ ಸಾಲ ಎತ್ತಿ, ನಾಲ್ಕು ಹಾಡಿನ ತಟ್ಟೆಯನ್ನು ಸಾವಿರ ಪ್ರತಿ ಒತ್ತಿಸಿ ತಾವೇ ಮಾರಿದರು. ಸಾವಿರ ಪ್ರತಿಯಿಂದ ಒಂದು ಯುಗ ಶುರುವಾಯಿತು. ಈಗಲೂ ಅದೇ ಸಾವಿರದ ಸಂಖ್ಯೆ ಇದೆ. 2024ರಿಂದ ಸ್ಪಾಟಿಫೈ ನಿಯಮ ಏನೆಂದರೆ, ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸದ ಹಾಡಿಗೆ ಒಂದು ಕಾಸೂ ಇಲ್ಲ. ದಿನಕ್ಕೆ ಸುಮಾರು 1 ಲಕ್ಷ ಹೊಸ ಹಾಡು ಜಾಲಕ್ಕೆ ಬಂದು ಬೀಳುತ್ತವೆ. ಅದರಲ್ಲಿ ಸ್ವಂತ ಕಾಲ ಮೇಲೆ ನಿಂತವನಿಗೆ ನಿಲ್ಲಲು ಜಾಗ ಇದೆ, ಸಂಬಳ ಇಲ್ಲ.

2025ರ ಬೇಸಿಗೆಯಲ್ಲಂತೂ ನಾಟಕ ಪೂರ್ತಿಯಾಯಿತು. ವೆಲ್ವೆಟ್ ಸನ್‌ಡೌನ್ ಎಂಬ ತಂಡ ಜೂನ್‌ನಲ್ಲಿ ಎರಡು ಆಲ್ಬಂ ತಂದಿತು. ಎಪ್ಪತ್ತರ ದಶಕದ ಧಾಟಿ, ದೂಳು ಹಿಡಿದ ಗಿಟಾರು, ಉದ್ದ ಕೂದಲಿನ ನಾಲ್ವರ ಫೋಟೋ. ಕೆಲವೇ ವಾರದಲ್ಲಿ ತಿಂಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಕೇಳುಗರು. ಜುಲೈಯಲ್ಲಿ ಗೊತ್ತಾಯಿತು, ತಂಡವೂ ಇಲ್ಲ, ಕೂದಲೂ ಇಲ್ಲ, ಎಲ್ಲ ಕೃತಕ ಬುದ್ಧಿಮತ್ತೆಯ ಕೈವಾಡ. ಮಗ ಹೌಹಾರಿದ. ಅವನ ಪಟ್ಟಿಯಲ್ಲಿ ಅವರ ಒಂದು ಹಾಡು ಇತ್ತು. ಮಾನ ಮುಚ್ಚಿಕೊಳ್ಳಲು ರಾತ್ರೋರಾತ್ರಿ ಅಳಿಸಿದ. ನನಗೆ ಮಾತ್ರ ಆ ತಂಡ ಅಷ್ಟೊಂದು ಅನ್ಯಾಯ ಮಾಡಿದಂತೆ ಕಾಣಲಿಲ್ಲ. ಕಂಪನಿಯ ಹಂಗಿಲ್ಲ, ಮ್ಯಾನೇಜರನ ಕಾಟ ಇಲ್ಲ, ಒಳಜಗಳ ಇಲ್ಲ, ಹೊಟ್ಟೆಪಾಡೂ ಇಲ್ಲ. ಇಷ್ಟು ಸ್ವತಂತ್ರವಾದ ತಂಡ ಈ ನಲವತ್ತು ವರ್ಷದಲ್ಲಿ ಯಾವುದಿತ್ತು ಹೇಳಿ. ಸ್ವಾತಂತ್ರ್ಯ ಇದ್ದು ಮನುಷ್ಯರು ಇರಲಿಲ್ಲ ಎಂಬುದೊಂದೇ ಕೊರತೆ.

ಬೊಬ್ಲಿಂಗೆನ್‌ಗೂ ಹೊಸ ಹಾಡಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸ್ಟಟ್‌ಗಾರ್ಟ್ ಪಕ್ಕದ, ಐವತ್ತು ಸಾವಿರ ಜನರ, ಎರಡು ಕೆರೆಯ ಊರು. 1953ರಿಂದ ಐಬಿಎಂ ಪ್ರಯೋಗಾಲಯ ಇದೆ. ಅಮೆರಿಕದಲ್ಲಿ ಒಂದು ಗ್ಯಾರೇಜಿನಲ್ಲಿ ಶುರುವಾದ ಹ್ಯೂಲೆಟ್ ಪ್ಯಾಕರ್ಡ್ 1959ರಲ್ಲಿ ತನ್ನ ದೇಶದ ಹೊರಗೆ ಮೊದಲ ಕಾರ್ಖಾನೆ ತೆರೆದದ್ದು ಇಲ್ಲಿ. ಗ್ಯಾರೇಜಿನಿಂದ ಹೊರಟವರು ಕೊನೆಗೆ ಎಲ್ಲಿಗೆ ಸೇರುತ್ತಾರೆ ಎಂದು ನೋಡಬೇಕಾದ ಸಂಗೀತಗಾರರು ಬಂದು ನೋಡಿಕೊಂಡು ಹೋಗಬಹುದು.

ಆದರೆ ಕೆಳಮನೆಯ ಅಜ್ಜ ಒಂದು ಕಥೆ ಹೇಳುತ್ತಾರೆ. ಈ ಊರಲ್ಲೊಂದು ಕ್ರೀಡಾ ಸಭಾಂಗಣ ಇತ್ತು. 1972ರ ನವೆಂಬರ್ 15ರ ರಾತ್ರಿ ಅಲ್ಲಿಗೆ ಪಿಂಕ್ ಫ್ಲಾಯ್ಡ್ ಬಂದಿತ್ತು. 'ದ ಡಾರ್ಕ್ ಸೈಡ್ ಆಫ್ ದ ಮೂನ್' ಅಂಗಡಿಗೆ ಬಂದದ್ದು 1973ರ ಮಾರ್ಚಿನಲ್ಲಿ. ಬೊಬ್ಲಿಂಗೆನ್‌ನವರು ಅದನ್ನು ಇಡಿಯಾಗಿ ಮೂರೂವರೆ ತಿಂಗಳು ಮೊದಲೇ ಕೇಳಿದರು. ಯಾರೋ ಪುಣ್ಯಾತ್ಮ ಕೋಟಿನೊಳಗೆ ಟೇಪ್ ರೆಕಾರ್ಡರ್ ಬಚ್ಚಿಟ್ಟು ಮುದ್ರಿಸಿಕೊಂಡದ್ದೂ ಇದೆ, ಕಳ್ಳ ಪ್ರತಿ ಇವತ್ತಿಗೂ ಓಡಾಡುತ್ತದೆ. ಜಗತ್ತೇ ಮುಂದೆ ಐವತ್ತು ವರ್ಷ ಕೇಳುವ ಹಾಡು ಆ ರಾತ್ರಿ ಅವರಿಗೆ ಹೆಸರು ಗೊತ್ತಿಲ್ಲದ ಹೊಸ ಹಾಡು.

"ಹೇಗನ್ನಿಸಿತು ಕೇಳಿದಾಗ?" ಎಂದೆ. ಇತಿಹಾಸದ ಸಾಕ್ಷಿಯೊಬ್ಬ ಕೈಗೆ ಸಿಕ್ಕಿದ್ದಾನೆ, ಬಿಡಬಾರದು.

ಅಜ್ಜ ಯೋಚಿಸಿದರು. "ಕುರ್ಚಿ ಇರಲಿಲ್ಲ" ಎಂದರು.

ಬೈಯಲಿಲ್ಲ ಎಂಬುದನ್ನು ಗಮನಿಸಬೇಕು. ಆ ಸಭಾಂಗಣವನ್ನು ಈಗ ಕೆಡವಿ ಹಾಕಿದ್ದಾರೆ. ಊರಿನವರು ಅದರ ನೆನಪಿಗೆ ಬೇರೇನು ಮಾಡಿದರೋ, ಸದ್ದು ಕಡಿಮೆಯಾಯಿತು ಎಂದು ನೆಮ್ಮದಿಯಂತೂ ಪಟ್ಟಿರಬೇಕು.

ಇನ್ನೂ ಹಿಂದಕ್ಕೆ ಹೋದರೆ ಇಲ್ಲಿ ಸಂಗೀತಗಾರನೊಬ್ಬನಿಗೆ ಸಿಕ್ಕ ವಿಮರ್ಶೆ ನೆನೆದರೆ ಮೈ ನಡುಗುತ್ತದೆ. 1525ರ ಮೇ 12ರಂದು ಬೊಬ್ಲಿಂಗೆನ್ ಬಯಲಿನಲ್ಲಿ ದಂಗೆ ಎದ್ದ ರೈತರನ್ನು ದೊರೆಗಳ ಸೈನ್ಯ ತರಿದು ಹಾಕಿತು. ರೈತರ ಜೊತೆಗಿದ್ದ ಮೆಲ್ಕಿಯೋರ್ ನೊನ್ನೆನ್‌ಮಾಕರ್ ಎಂಬ ಕೊಳಲೂದುವವನು ಸೆರೆ ಸಿಕ್ಕ. ಅದಕ್ಕೆ ಮೊದಲು ವೈನ್ಸ್‌ಬರ್ಗ್‌ನಲ್ಲಿ ರೈತರು ಒಬ್ಬ ಕೌಂಟನನ್ನು ಕೊಲ್ಲುವಾಗ ಇವನು ಕೊಳಲೂದಿದ್ದ ಎಂಬುದು ಆರೋಪ. ಮರಕ್ಕೆ ಸರಪಳಿಯಲ್ಲಿ ಕಟ್ಟಿ, ಸುತ್ತ ಬೆಂಕಿ ಹಾಕಿ ಸುಟ್ಟರು. ಊರಲ್ಲಿ ರೈತದಂಗೆಯ ಮ್ಯೂಸಿಯಂ ಇದೆ, ಮಗನನ್ನು ಕರೆದುಕೊಂಡು ಹೋಗಿದ್ದೆ. ವ್ಯವಸ್ಥೆಯ ವಿರುದ್ಧ ನುಡಿಸುವುದು ಎಂದರೆ ಆಗ ಇದಾಗಿತ್ತು. ಈಗಿನ ಬಂಡಾಯಗಾರನಿಗೆ ಹೆಚ್ಚೆಂದರೆ ಹತ್ತಕ್ಕೆ ಆರೂವರೆ ಅಂಕ ಕೊಡುತ್ತಾರೆ, ಅವನು ಅದಕ್ಕೇ ಮೂರು ದಿನ ಅನ್ನ ಬಿಡುತ್ತಾನೆ.

ಒಮ್ಮೆ ಮಗನ ಜೊತೆ ಎಸ್1 ರೈಲು ಹಿಡಿದು ಸ್ಟಟ್‌ಗಾರ್ಟ್‌ಗೆ ರಾಕ್ ಕಛೇರಿಗೆ ಹೋದೆ. ಡೀ ನೆರ್ಫೆನ್ ಎಂಬ ಸ್ಥಳೀಯ ತಂಡವೊಂದಿದೆ, ಹೆಸರಿನ ಅರ್ಥ 'ನರಗಳು.' ಈ ಸೀಮೆಯ ಹುಡುಗರು ಸಿಟ್ಟಾದರೆ ಹೇಗಿರುತ್ತದೆ ಎಂದು ತಿಳಿಯಬೇಕಿದ್ದರೆ ಅವರ 2024ರ ಆಲ್ಬಂ ಕೇಳಬಹುದು. ಮನೆಯಿಂದಲೇ ಅದನ್ನು ಕೇಳಿಕೊಂಡು, ಎಂಥದೋ ರಣರಂಗಕ್ಕೆ ಹೊರಟವನ ಹಾಗೆ ಹೊರಟಿದ್ದೆ. ಅಂದಿನ ಕಛೇರಿ ಬೇರೆ ತಂಡದ್ದು, ಸಿಟ್ಟು ಅದೇ. ಬಾಗಿಲಲ್ಲಿ ಕಿವಿಗೆ ಹಾಕಲು ಬಿರಡೆ ಕೊಟ್ಟರು. ವೇದಿಕೆಯ ಮೇಲೆ ಭೂಕಂಪ. ಕೆಳಗೆ ಮುನ್ನೂರು ಜನ ಎದೆಯ ಮೇಲೆ ಕೈ ಕಟ್ಟಿ, ಮದುವೆ ಮನೆಯಲ್ಲಿ ವರನ ಕಡೆಯ ಮಾವಂದಿರ ಹಾಗೆ, ತಲೆಯನ್ನು ಒಂದಂಗುಲ ಮೇಲೆ ಕೆಳಗೆ ಆಡಿಸುತ್ತಿದ್ದರು. ಕ್ರಾಂತಿ ಹತ್ತೂವರೆಗೆ ಮುಗಿಯಿತು. ಆಮೇಲೆ ಎಲ್ಲರೂ ಬಿಯರ್ ಲೋಟದ ಠೇವಣಿ ವಾಪಸು ತೆಗೆದುಕೊಳ್ಳಲು ಅಚ್ಚುಕಟ್ಟಾಗಿ ಸಾಲು ನಿಂತರು. ಆ ಸಾಲಿನಲ್ಲಿ ಗಾಯಕನೂ ಇದ್ದ.

ಈ ರಾಜ್ಯದಲ್ಲಿ ಗುಡ್ ಫ್ರೈಡೆಯ ದಿನ ಸಾರ್ವಜನಿಕ ಕುಣಿತಕ್ಕೆ ಕಾನೂನಿನ ನಿಷೇಧ ಇದೆ. ಅದೂ ಶುಕ್ರವಾರವೇ ಆದ್ದರಿಂದ ಅಂದೂ ಹೊಸ ಹಾಡು ಬರುತ್ತದೆ, ಕುಣಿಯುವಂತಿಲ್ಲ ಅಷ್ಟೆ. ಇಂಡೀ ಕೇಳುಗರು ವರ್ಷದ ಉಳಿದ ದಿನಗಳಲ್ಲೂ ಆ ಕಾನೂನನ್ನು ಸ್ವಇಚ್ಛೆಯಿಂದ ಪಾಲಿಸುತ್ತಾರೆ.

ನಮ್ಮವರನ್ನು ಬಿಟ್ಟು ಬರೀ ಅವರನ್ನು ಆಡಿಕೊಂಡರೆ ಅಮ್ಮ ಬೈದಾರು. ನವೆಂಬರ್‌ನಲ್ಲಿ ನಮ್ಮ ಸೀಮೆಯ ಕನ್ನಡಿಗರು ಸೇರಿ ಬಾಡಿಗೆ ಹಾಲ್ ಒಂದರಲ್ಲಿ ರಾಜ್ಯೋತ್ಸವ ಮಾಡಿದೆವು. ಮಗ ಒಂದು ಹಾಡು ಕಟ್ಟಿದ್ದ, ಕನ್ನಡದಲ್ಲಿ, ಗಿಟಾರು ಹಿಡಿದು. ವಿಷಯ ಮೆಟ್ಟಿಲು ಗುಡಿಸುವುದು. ಕನ್ನಡ ಅಷ್ಟಿಷ್ಟು ಕುಂಟುತ್ತಿತ್ತು, ಆದರೆ ಅವನದೇ ಕುಂಟು. ಸಮಿತಿಯವರ ಮುಂದೆ ನಿಂತೆವು.

"ಯಾವ ಪಿಕ್ಚರ್‌ದು?"

"ಪಿಕ್ಚರ್‌ದಲ್ಲ ಅಂಕಲ್, ನಾನೇ ಬರೆದದ್ದು."

"ಒಳ್ಳೇದಪ್ಪ. ಕರೋಕೆ ಟ್ರ್ಯಾಕ್ ಇದೆಯಾ?"

ಸಮಯ ಉಳಿದರೆ ನೋಡೋಣ ಎಂದರು. ಉಳಿಯಿತು, ಬಿಸಿಬೇಳೆ ಬಾತ್ ಬಡಿಸುವ ಹೊತ್ತಿಗೆ. ಹುಡುಗ ಮೊದಲ ಚರಣ ಹಾಡುವಾಗ ಮೈಕಿನಲ್ಲಿ ಬಿಳಿ ಬಣ್ಣದ ಕಾರೊಂದು ದಾರಿಗೆ ಅಡ್ಡ ನಿಂತಿದೆ ಎಂದು ಪ್ರಕಟಣೆ ಬಂತು. ಅದಕ್ಕೆ ಮೊದಲು ವೇದಿಕೆಯಲ್ಲಿ ಸಂಪ್ರದಾಯಬದ್ಧವಾಗಿ 'ನಿತ್ಯೋತ್ಸವ' ಆಗಿತ್ತು, ರಘು ದೀಕ್ಷಿತ್ ಧಾಟಿಯಲ್ಲಿ ಶರೀಫಜ್ಜನ 'ಗುಡುಗುಡಿ' ಆಗಿತ್ತು, ಎಲ್ಲರೂ ಚಪ್ಪಾಳೆ ತಟ್ಟಿ ದನಿಗೂಡಿಸಿದ್ದರು. ಅದೇ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಬಂದಾಗ ಸಿನಿಮಾದ್ದಲ್ಲದ ಹಾಡನ್ನು ಯಾರು ಕೊಂಡಾರು ಎಂಬ ಕಾಲ. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ, ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್. ಇಂಡೀ ಎಂದರೆ ಅದಕ್ಕಿಂತ ಇನ್ನೇನು? ರಘು ದೀಕ್ಷಿತ್ ಕೂಡ ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿ, ಕೊನೆಗೆ ವಿಶಾಲ್–ಶೇಖರ್ ಕೈ ಹಿಡಿದ ಮೇಲೆ 2008ರಲ್ಲಿ ಆಲ್ಬಂ ತಂದವರು. ಆಗ ಶರೀಫರ ಪದಕ್ಕೆ ಗಿಟಾರು ಯಾಕೆ ಎಂದು ಮೂಗು ಮುರಿದವರಲ್ಲಿ ನಾನೂ ಒಬ್ಬ. ಈಗ ಅವರು ಪೀಠದ ಮೇಲೆ, ನಾವು ಕೆಳಗೆ ಕುಳಿತು ತೀರ್ಥಕ್ಕೆ ಕೈ ಒಡ್ಡಿದವರು. ಮುಂದಿನ ಸರದಿಯವನು ಗಿಟಾರು ಹಿಡಿದು ಬಂದರೆ ಕರೋಕೆ ಟ್ರ್ಯಾಕ್ ಕೇಳುತ್ತೇವೆ.

ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ಎಂಬ ಹೆವಿ ಮೆಟಲ್ ತಂಡ 2013ರಲ್ಲಿ ಈ ದೇಶದ ವಾಕೆನ್ ಮೇಳದಲ್ಲಿ ನುಡಿಸಿತು. 2016ರಿಂದ ಅವರ ಆಲ್ಬಂಗಳು ಬರುವುದೇ ಎಎಫ್‌ಎಂ ಎಂಬ ಜರ್ಮನ್ ಕಂಪನಿಯಿಂದ. ಬೆಂಗಳೂರಿನ ಹುಡುಗರನ್ನು ಜರ್ಮನ್ನರು ದುಡ್ಡು ಕೊಟ್ಟು ಕೇಳುತ್ತಾರೆ ಎಂದು ಸಮಿತಿಯ ಊಟದ ಸಾಲಿನಲ್ಲಿ ಹೇಳಿದೆ. "ಹೌದಾ? ಯಾವ ಕಂಪನಿಯಲ್ಲಿದ್ದಾರೆ?" ಎಂದು ಒಬ್ಬರು ಕೇಳಿದರು. ಬಾಷ್‌ನಲ್ಲೋ ಮರ್ಸಿಡಿಸ್‌ನಲ್ಲೋ ಎಂಬ ಅರ್ಥದಲ್ಲಿ.

ಅಮ್ಮನಿಗೆ ಮಾತ್ರ ಮೊಮ್ಮಗನ ಹಾಡು ಹಿಡಿಸಿತು. ಕಾರಣ ಸಂಗೀತವಲ್ಲ. "ಸಾಹಿತ್ಯ ಅರ್ಥ ಆಯ್ತು. ಮೆಟ್ಟಿಲು ಗುಡಿಸುವ ಕಷ್ಟ ಗುಡಿಸಿದವರಿಗೇ ಗೊತ್ತು."

ಮರುದಿನ ಭಾನುವಾರ. ಅಮ್ಮನ ಕೈಗೆ ಮಗನ ಸ್ಪೀಕರ್ ಸಿಕ್ಕಿತು. ಎರಡು ತಿಂಗಳು ಅವನ ಪರ್ಯಾಯ ಕೇಳಿದ್ದೇನೆ, ಇನ್ನು ನನ್ನದು ಎಂದು ಯಕ್ಷಗಾನ ಹಚ್ಚಿದರು. ಭಾಗವತರು ಏರುದನಿಗೆ ಹೋದರು, ಚೆಂಡೆ ಬಿತ್ತು. ಚೆಂಡೆ ಎಂದರೆ ಗೊತ್ತಲ್ಲ, ಎರಡು ಗದ್ದೆ ಆಚೆಯಿಂದ ಕೇಳಲೆಂದೇ ಹುಟ್ಟಿದ ವಾದ್ಯ. ಶಬ್ದದ ಕಾನೂನಿನ ದೆಸೆಯಿಂದ ಊರಿನಲ್ಲಿ ಕಟೀಲು ಮೇಳದ ಆಟ ಕೂಡ ಒಮ್ಮೆ ಬೆಳಗಿನ ತನಕ ಹೋಗದೆ ಕಾಲಮಿತಿಗೆ ಇಳಿದಿದ್ದನ್ನು ಅಮ್ಮ ಇನ್ನೂ ಕ್ಷಮಿಸಿಲ್ಲ. ಆ ಸಿಟ್ಟೆಲ್ಲ ಬೊಬ್ಲಿಂಗೆನ್‌ನ ಭಾನುವಾರ ಮಧ್ಯಾಹ್ನದ ಮೇಲೆ ತೀರಿತು. ನನ್ನವಳು ಓಡಿ ಬಂದು ಕಿಟಕಿ ಮುಚ್ಚುವಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು.

ಕೆಳಮನೆಯ ಅಜ್ಜ. 1972ರ ಸಾಕ್ಷಿ. ಬಾಗಿಲಲ್ಲಿ ನಿಂತು ಒಳಗಿನ ಚೆಂಡೆಯನ್ನು ಒಂದು ನಿಮಿಷ ತಲೆ ಓರೆ ಮಾಡಿ ಕೇಳಿದರು. ನಾನು ಕ್ಷಮೆಯ ವಾಕ್ಯವನ್ನು ಜರ್ಮನ್ನಿನಲ್ಲಿ ಜೋಡಿಸುತ್ತಿದ್ದೆ, ಕ್ರಿಯಾಪದ ಕೊನೆಗೆ ಬರಬೇಕಲ್ಲ, ತಡವಾಗುತ್ತದೆ. ಮಗ ಹಿಂದಿನಿಂದ ಇಣುಕಿ ನೋಡುತ್ತಿದ್ದ. ಅಜ್ಜ ಗಡಿಯಾರ ನೋಡಿಕೊಂಡರು, ಬೈಯಲಿಲ್ಲ. ಕೈಯಲ್ಲಿದ್ದ ಸಣ್ಣ ಮರದ ಹಲಗೆಯನ್ನು ನಮ್ಮ ಬಾಗಿಲ ಹಿಡಿಗೆ ನೇತುಹಾಕಿ, ಎರಡು ಮಾತಾಡಿ, ಇಳಿದು ಹೋದರು.

"ಎಂತ ಹೇಳಿದ್ದು ಅವರು?" ಎಂದರು ಅಮ್ಮ.

"ಅವರ ವಾರ ಮುಗಿಯಿತಂತೆ. ನಾಳೆಯಿಂದ ಮೆಟ್ಟಿಲು ಗುಡಿಸುವ ಸರದಿ ನಮ್ಮದು."

ಅಮ್ಮ ಹಲಗೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಪೊರಕೆ ಎಲ್ಲಿದೆ ಎಂದು ಕೇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಹಾಗಾದರೆ ಪುರಪ್ರವೇಶ ಎಷ್ಟು ಗಂಟೆಗೆ?"